ಕೇಳುವ ಮೊದಲೇ ಸಿದ್ಧವಾದ ಉತ್ತರ



"ಕಾಮಾಲೆಯ ಕಣ್ಣಿಗೆ ಕಂಡದ್ದೆಲ್ಲ ಹಳದಿ" ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಪರೀಕ್ಷೆಯಲ್ಲಿ ಅದನ್ನು ವಿಸ್ತರಿಸಿ ಬರೆದೂ ಇದ್ದೀರಿ. ಹಾಗೆ ಬರೆಯುವಾಗ ಕಾಮಾಲೆಯು ಬೇರೆ ಯಾರಿಗೋ ಆದದ್ದೆಂದು ಭಾವಿಸುವುದು ರೂಢಿ. ತನ್ನ ಕಣ್ಣಿಗೇ ಹಳದಿ ಕವಿದಿದೆಯೆಂದು ಬರೆದ ಉತ್ತರಪತ್ರಿಕೆಯನ್ನು ನಾವು ಈವರೆಗೆ ತಿದ್ದಿಲ್ಲ. ಈ ಲೇಖನದಲ್ಲಿ ಒಮ್ಮೆ ನಮ್ಮ ಕಣ್ಣಿಗೇ ಕವಿದ ಹಳದಿಯ ವಿಷಯವನ್ನು ನಿಮ್ಮ ಮುಂದಿಡಬೇಕೆಂದಿದ್ದೇವೆ. ಅದರಿಂದ ನೀವು ಕಲಿಯತಕ್ಕ ಪಾಠವೊಂದಿದೆ.

ಯಾವುದೇ ವಸ್ತುವನ್ನಾಗಲಿ ವ್ಯವಸ್ಥೆಯನ್ನಾಗಲಿ ರೂಪಿಸುವ ಮೊದಲು, ಅದನ್ನು ಬಳಸತಕ್ಕವರು ಯಾರು, ಅವರಿಗೆ ಬೇಕಾದುದೇನು, ಅವರಿಗಿರುವ ಅಡಚಣೆಗಳೇನು ಎಂಬುದನ್ನು ವಿಚಾರಿಸಿ ತಿಳಿಯುವ ಪದ್ಧತಿ ಇಂದು ಬೆಳೆದಿದೆ. ರೈಲು ನಿಲ್ದಾಣದ ಟಿಕೆಟ್ ಯಂತ್ರವಿರಲಿ, ಮೊಬೈಲಿನ ಆ್ಯಪ್ ಇರಲಿ, ಆಸ್ಪತ್ರೆಯ ಕೇಸ್‌ಪೇಪರ್ ಇರಲಿ, ಅದನ್ನು ಮಾಡುವವರು ಬೇರೆ, ಬಳಸುವವರು ಬೇರೆ. ಮಾಡುವವರು ಬಳಸುವವರನ್ನು ಕಂಡು, ಕೇಳಿ, ಅವರು ಕೆಲಸ ಮಾಡುವುದನ್ನು ನೋಡಿ ಅರಿಯುವುದಕ್ಕೆ ಬಳಕೆದಾರರ ಅಧ್ಯಯನವೆಂದು ಹೆಸರು. ಕಂಪನಿಗಳಲ್ಲಿ ಇದನ್ನು ಯೂಸರ್ ರಿಸರ್ಚ್ ಎನ್ನುತ್ತಾರೆ. ನಿಮ್ಮಲ್ಲಿ ಕೆಲವರು ಮುಂದೆ ಇದನ್ನೇ ಉದ್ಯೋಗವಾಗಿ ಕೈಗೊಳ್ಳಬಹುದು. ಉಳಿದವರೂ ಒಂದಲ್ಲ ಒಂದು ದಿನ ಹತ್ತು ಜನರನ್ನು ಕೇಳಿ ಒಂದು ತೀರ್ಮಾನಕ್ಕೆ ಬರಬೇಕಾದೀತು. ಆದುದರಿಂದ ಈ ವಿಷಯವು ಎಲ್ಲರಿಗೂ ಸಂಬಂಧಪಟ್ಟದ್ದು.

ಕೇಳುವುದು ಸುಲಭ, ನಿಷ್ಪಕ್ಷಪಾತವಾಗಿ ಕೇಳುವುದು ಕಷ್ಟ. ಸರಿಯಾದ ತಕ್ಕಡಿಯಲ್ಲಿ ತೂಗುತ್ತಿದ್ದೇವೆಂದು ನಾವು ನಂಬಿರುವಾಗಲೂ ನಮ್ಮ ಬುದ್ಧಿಯೆಂಬ ತಕ್ಕಡಿ ಒಂದು ಕಡೆಗೆ ಜಗ್ಗುತ್ತಿರುತ್ತದೆ. ಇದಕ್ಕೆ ಬುದ್ಧಿಯ ಪೂರ್ವಗ್ರಹವೆನ್ನೋಣ. 1970ರ ದಶಕದಲ್ಲಿ ಅಮೋಸ್ ಟ್ವರ್ಸ್ಕಿ, ಡೇನಿಯಲ್ ಕಾಹ್ನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇಂತಹ ಹಲವು ಪೂರ್ವಗ್ರಹಗಳನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಟ್ವರ್ಸ್ಕಿಯವರು 1996ರಲ್ಲಿ ತೀರಿಕೊಂಡರು. ಕಾಹ್ನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅವರ ಪ್ರಯೋಗಗಳಿಂದ ತಿಳಿದುಬಂದ ಮುಖ್ಯ ಸಂಗತಿಯೆಂದರೆ, ಈ ದೋಷವು ಮೂರ್ಖರಿಗೆ ಮಾತ್ರ ಸೇರಿದ್ದಲ್ಲ, ಕೆಟ್ಟವರಿಗೆ ಮಾತ್ರ ಸೇರಿದ್ದೂ ಅಲ್ಲ. ಪಂಡಿತರಿಗೂ ಪ್ರಾಮಾಣಿಕರಿಗೂ ಇದು ಬಿಟ್ಟಿದ್ದಲ್ಲ.

ನಮ್ಮ ಒಂದು ದಿನದ ವಿಚಾರಣೆ

ಹಿಂದೆ ನಾವು ಈ ಮುಂಬಯಿಯಲ್ಲಿಯೇ ಬೇರೊಂದು ಕನ್ನಡ ಶಾಲೆಯಲ್ಲಿ ಅಧ್ಯಾಪಕರಾಗಿದ್ದೆವು. ಅಲ್ಲಿ ಗ್ರಂಥಾಲಯಕ್ಕೆಂದು ಚಿಕ್ಕದೊಂದು ಕೋಣೆ ಇದ್ದಿತು. ಕೋಣೆಯಲ್ಲಿ ಮೂರು ಕಪಾಟುಗಳು. ಪುಸ್ತಕಗಳಲ್ಲಿ ಬಹುಪಾಲು ಹಳೆಯ ವಿದ್ಯಾರ್ಥಿಗಳು ಕೊಟ್ಟವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರೂ ಅವರಲ್ಲಿದ್ದರು. ಕಾಲ ಕಳೆದಂತೆ ಕಂಪ್ಯೂಟರ್ ತರಗತಿಗೆ ಕೋಣೆ ಬೇಕಾಯಿತು. ಮಕ್ಕಳು ಗ್ರಂಥಾಲಯವನ್ನು ಉಪಯೋಗಿಸುತ್ತಾರೆಯೇ, ಇಲ್ಲವಾದರೆ ಪುಸ್ತಕಗಳನ್ನು ಬೇರೆ ಸಂಸ್ಥೆಗೆ ಕೊಟ್ಟುಬಿಡಬಹುದೇ ಎಂಬುದನ್ನು ವಿಚಾರಿಸಿ ವರದಿ ಕೊಡಬೇಕೆಂದು ಆಡಳಿತ ಮಂಡಳಿಯವರು ನಮಗೆ ತಿಳಿಸಿದರು.

ನಮ್ಮ ಮನಸ್ಸಿನಲ್ಲಿ ಉತ್ತರವು ಆಗಲೇ ಸಿದ್ಧವಾಗಿದ್ದಿತು. ಮಕ್ಕಳು ಮೊಬೈಲಿಗೆ ಅಂಟಿಕೊಂಡಿದ್ದಾರೆ, ಕನ್ನಡ ಪುಸ್ತಕದ ರುಚಿ ಅವರಿಗಿಲ್ಲ ಎಂಬುದು ಅಧ್ಯಾಪಕರ ಕೋಣೆಯಲ್ಲಿ ನಾವು ದಿನಾಲೂ ಆಡುತ್ತಿದ್ದ ಮಾತು. ಪುಸ್ತಕ ಕೊಟ್ಟ ಲೆಕ್ಕವಿಡುವ ರಿಜಿಸ್ಟರಿನಲ್ಲಿಯೂ ಹೆಸರುಗಳು ವಿರಳವಾಗಿದ್ದವು. ಒಂಬತ್ತನೆಯ ತರಗತಿಯ ಕೆಲವರನ್ನು ಜೊತೆಗಿಟ್ಟುಕೊಂಡು ಪ್ರಶ್ನಾವಳಿಯೊಂದನ್ನು ತಯಾರಿಸಿದೆವು. ಮೊದಲನೆಯ ಪ್ರಶ್ನೆ: "ಮೊಬೈಲ್ ಬಂದ ಮೇಲೆ ಪುಸ್ತಕ ಓದುವುದು ಕಡಿಮೆಯಾಗಿದೆ ಅಲ್ಲವೆ?" ಎರಡನೆಯದು: "ಪುಸ್ತಕಕ್ಕಿಂತ ವೀಡಿಯೊ ನೋಡುವುದು ನಿಮಗೆ ಹೆಚ್ಚು ಇಷ್ಟವಲ್ಲವೆ?" ತರಗತಿ ತರಗತಿಗೆ ಹೋಗಿ, ಕಾಗದ ಹಿಡಿದು ಮುಂದೆ ನಿಂತು, ಹೌದೆನ್ನುವವರು ಕೈ ಎತ್ತಿರೆಂದೆವು. ಮುಂದಿನ ಬೆಂಚಿನವರು ಕೈ ಎತ್ತಿದರು. ಅವರನ್ನು ನೋಡಿ ಹಿಂದಿನವರು ಎತ್ತಿದರು. ಅನಂತರ ಗ್ರಂಥಾಲಯದಲ್ಲಿ ಕುಳಿತಿದ್ದ ಐದಾರು ಮಂದಿಯನ್ನು, "ಇಲ್ಲಿ ನಿಮಗೇನಾದರೂ ತೊಂದರೆಯಿದೆಯೆ?" ಎಂದು ಕೇಳಿದೆವು. "ಇಲ್ಲ ಸರ್" ಎಂದರು. ಒಂದೇ ದಿನದಲ್ಲಿ ವಿಚಾರಣೆ ಮುಗಿಯಿತು. ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಗ್ರಂಥಾಲಯದ ವ್ಯವಸ್ಥೆಯಲ್ಲಿ ಕೊರತೆಯಿಲ್ಲ ಎಂದು ವರದಿ ಬರೆದೆವು.

ವರದಿಯನ್ನು ಕಚೇರಿಗೆ ಕೊಡಲು ಹೊರಟಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಮೆಟ್ಟಿಲ ಬಳಿ ಎದುರಾದಳು. ಅವಳ ತಂದೆತಾಯಿಗಳು ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಕಪಾಟುಗಳನ್ನು ಕೊಟ್ಟುಬಿಡುವುದು ನಿಜವೇ ಎಂದು ಕೇಳಿದಳು. "ಓದುವುದು ಕಡಿಮೆಯಾಗಿದೆಯೆಂದು ನೀವೇ ಎಲ್ಲರೂ ಕೈ ಎತ್ತಿದಿರಲ್ಲ" ಎಂದೆವು. ಅವಳು ತಲೆ ತಗ್ಗಿಸಿ ಹೇಳಿದಳು:

"ಸರ್, ನೀವು ಕೇಳಿದ್ದಕ್ಕ ಹೌದಂದೇವ್ರಿ. ಕಪಾಟದ ಕೀಲಿ ಯಾವಾಗ ತೆಗೀತಾರಂತ ನೀವು ಕೇಳಲೇ ಇಲ್ಲಲ್ರಿ."

ವರದಿ ನಮ್ಮ ಕೈಯಲ್ಲಿಯೇ ಉಳಿಯಿತು. ಅಂದು ರಾತ್ರಿ ಪ್ರಶ್ನಾವಳಿಯನ್ನು ಮುಂದಿಟ್ಟುಕೊಂಡು ಕುಳಿತಾಗ ನಾವು ಮಾಡಿದ ತಪ್ಪುಗಳು ಒಂದೊಂದಾಗಿ ಕಾಣತೊಡಗಿದವು. ಎಣಿಸಿದಾಗ ಐದಾದವು. ಆ ಐದರಲ್ಲಿ ಒಂದೂ ಹೊಸದಲ್ಲ. ಒಂದೊಂದನ್ನೂ ವಿಜ್ಞಾನಿಗಳು ಹಿಂದೆಯೇ ಹಿಡಿದು ತೋರಿಸಿದ್ದಾರೆ. ಅವನ್ನು ಕ್ರಮವಾಗಿ ನೋಡೋಣ.

ಐದು ತಪ್ಪುಗಳು

ಮೊದಲನೆಯದು, ನಂಬಿದ್ದನ್ನೇ ಹುಡುಕುವುದು. ಪೀಟರ್ ವೇಸನ್ ಎಂಬ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು 1960ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. "2, 4, 6 ಎಂಬ ಮೂರು ಸಂಖ್ಯೆಗಳು ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಹೊಂದುತ್ತವೆ. ನೀವೂ ಮೂರು ಮೂರು ಸಂಖ್ಯೆಗಳನ್ನು ಹೇಳುತ್ತ ಹೋಗಿರಿ. ಹೊಂದುತ್ತವೆಯೋ ಇಲ್ಲವೋ ತಿಳಿಸುತ್ತೇನೆ. ನಿಯಮ ಖಚಿತವಾಗಿ ತಿಳಿದಾಗ ಹೇಳಿರಿ" ಎಂಬುದು ಅದರ ರೀತಿ. ಸಾಮಾನ್ಯವಾಗಿ ಜನರಿಗೆ ಹೊಳೆಯುವುದು "ಎರಡೆರಡು ಏರುವ ಸಂಖ್ಯೆಗಳು" ಎಂಬ ಊಹೆ. ಆಗ 8, 10, 12 ಎನ್ನುತ್ತಾರೆ, ಹೊಂದುತ್ತದೆ. 20, 22, 24 ಎನ್ನುತ್ತಾರೆ, ಅದೂ ಹೊಂದುತ್ತದೆ. ಗೆದ್ದೆವೆಂದು ಊಹೆಯನ್ನೇ ನಿಯಮವೆಂದು ಸಾರುತ್ತಾರೆ. ನಿಜವಾದ ನಿಯಮವು "ಕ್ರಮವಾಗಿ ಏರುವ ಯಾವುದೇ ಮೂರು ಸಂಖ್ಯೆಗಳು" ಎಂಬಷ್ಟೇ ಆಗಿದ್ದಿತು! 1, 7, 50 ಎಂದು ಒಮ್ಮೆ ಕೇಳಿದ್ದರೆ ಊಹೆ ಮುರಿದುಬೀಳುತ್ತಿದ್ದಿತು. ಪ್ರಯೋಗದಲ್ಲಿ ಭಾಗವಹಿಸಿದ 29 ಮಂದಿಯಲ್ಲಿ ತಪ್ಪು ಹೇಳದೆ ಮೊದಲ ಸಲವೇ ಸರಿಯಾದ ನಿಯಮವನ್ನು ಹೇಳಿದವರು 6 ಮಂದಿ ಮಾತ್ರ. ನಮ್ಮ ಪ್ರಶ್ನಾವಳಿಯಲ್ಲಿ ಮೊಬೈಲೇ ಕಾರಣವೆಂಬ ಊಹೆಯನ್ನು ಮುರಿಯಬಲ್ಲ ಪ್ರಶ್ನೆ ಒಂದೂ ಇರಲಿಲ್ಲ. ನಾವು 8, 10, 12 ಎಂದೇ ಕೇಳುತ್ತ ಹೋಗಿದ್ದೆವು.

ಎರಡನೆಯದು, ಪ್ರಶ್ನೆಯೊಳಗೇ ಉತ್ತರವನ್ನಿಡುವುದು. ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರು 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಗಳನ್ನು ತೋರಿಸಿ, ಕಾರುಗಳ ವೇಗವನ್ನು ಅಂದಾಜು ಮಾಡಲು ಹೇಳಿದರು. ಎಲ್ಲರೂ ನೋಡಿದ್ದು ಅವೇ ಚಿತ್ರಗಳು. ಪ್ರಶ್ನೆಯಲ್ಲಿ ಒಂದು ಕ್ರಿಯಾಪದ ಮಾತ್ರ ಬೇರೆ. ಕಾರುಗಳು "ಅಪ್ಪಳಿಸಿದಾಗ" ವೇಗವೆಷ್ಟಿತ್ತೆಂದು ಕೇಳಿದವರಿಗೆ ಸರಾಸರಿ 40.8 ಮೈಲಿಯೆಂಬ ಉತ್ತರ ದೊರೆಯಿತು. "ತಾಗಿದಾಗ" ಎಂದು ಕೇಳಿದವರಿಗೆ 31.8 ಮೈಲಿ. ಇನ್ನೊಂದು ಪ್ರಯೋಗದಲ್ಲಿ, ಒಂದು ವಾರದ ಬಳಿಕ, ಒಡೆದ ಗಾಜನ್ನು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೂ "ಅಪ್ಪಳಿಸಿದಾಗ" ಎಂಬ ಮಾತು ಕೇಳಿದ್ದ 50 ಮಂದಿಯಲ್ಲಿ 16 ಮಂದಿ ಕಂಡೆವೆಂದರು. "ಹೊಡೆದಾಗ" ಎಂಬ ಸಾಧಾರಣ ಪದವನ್ನು ಕೇಳಿದ್ದ 50 ಮಂದಿಯಲ್ಲಿ ಹಾಗೆಂದವರು 7. ಒಂದು ಪದವು ನೆನಪನ್ನೇ ಬದಲಿಸಬಲ್ಲುದಾದರೆ, ನಮ್ಮ "ಅಲ್ಲವೆ?" ಎಷ್ಟು ಕೆಲಸ ಮಾಡಿರಬೇಡ!

ಮೂರನೆಯದು, ಕೇಳುವವನ ಮುಖ. ಬರ್ಲಿನ್ ನಗರದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ನಿವೃತ್ತ ಗಣಿತದ ಅಧ್ಯಾಪಕರಿದ್ದರು. ಅವರ ಕುದುರೆ ಹಾನ್ಸ್ ಲೆಕ್ಕ ಬಿಡಿಸುತ್ತದೆಂದು ಖ್ಯಾತಿ ಪಡೆಯಿತು. ಐದಕ್ಕೆ ಮೂರು ಕೂಡಿಸೆಂದರೆ ಎಂಟು ಸಲ ಗೊರಸಿನಿಂದ ನೆಲ ತಟ್ಟಿ ನಿಲ್ಲುತ್ತಿದ್ದಿತು. 1904ರಲ್ಲಿ ಪರೀಕ್ಷಿಸಿದ ಪಂಡಿತರ ಸಮಿತಿಗೆ ಯಾವ ಮೋಸವೂ ಕಾಣಲಿಲ್ಲ. ಬಳಿಕ ಓಸ್ಕರ್ ಫುಂಗ್ಸ್ಟ್ ಎಂಬವರು ಒಂದು ಸರಳವಾದ ಉಪಾಯವನ್ನು ಮಾಡಿದರು: ಕೇಳುವವನಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಕೇಳಿಸಿದರು. ಕುದುರೆಯ ಗಣಿತವೆಲ್ಲ ಅಲ್ಲಿಗೆ ಮುಗಿಯಿತು. ಸರಿಯಾದ ಎಣಿಕೆ ಬಂದೊಡನೆ ಕೇಳುವವನ ತಲೆ ತನಗರಿವಿಲ್ಲದೆ ಸೂಕ್ಷ್ಮವಾಗಿ ಅಲುಗುತ್ತಿದ್ದಿತು. ಹಾನ್ಸ್ ಅದನ್ನು ನೋಡಿ ನಿಲ್ಲುತ್ತಿದ್ದಿತು. 1907ರಲ್ಲಿ ಫುಂಗ್ಸ್ಟ್ ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಇಲ್ಲಿ ಅಧ್ಯಾಪಕರು ಸುಳ್ಳುಗಾರರಲ್ಲ, ಕುದುರೆಯೂ ದಡ್ಡನಲ್ಲ. ಲೆಕ್ಕ ಬಾರದ ಕುದುರೆಯೇ ಮುಖವನ್ನು ಓದಬಲ್ಲುದಾದರೆ, ವರ್ಷವಿಡೀ ಅಧ್ಯಾಪಕರ ಹುಬ್ಬನ್ನು ನೋಡಿ ಉತ್ತರ ಊಹಿಸುವ ವಿದ್ಯಾರ್ಥಿಗಳ ಮಾತೇನು? ಅಂಕ ಕೊಡುವವರೇ ಪ್ರಶ್ನಾವಳಿ ಹಿಡಿದು ನಿಂತದ್ದು ನಮ್ಮ ಮೂರನೆಯ ತಪ್ಪು.

ನಾಲ್ಕನೆಯದು, ಗುಂಪಿನಲ್ಲಿ ಕೇಳುವುದು. ಸಾಲೊಮನ್ ಆ್ಯಶ್ ಅವರು 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗೆರೆಯೊಂದನ್ನು ತೋರಿಸಿ ಅದಕ್ಕೆ ಸಮನಾದುದನ್ನು ಮೂರು ಗೆರೆಗಳಲ್ಲಿ ಗುರುತಿಸಲು ಹೇಳುತ್ತಿದ್ದರು. ಚಿಕ್ಕ ಮಗುವೂ ಹೇಳಬಲ್ಲ ಉತ್ತರ. ಆದರೆ ಕುಳಿತವರಲ್ಲಿ ಒಬ್ಬನ ಹೊರತು ಉಳಿದವರೆಲ್ಲರೂ ಮೊದಲೇ ಸಂಕೇತ ಮಾಡಿಕೊಂಡವರು. ಬೇಕೆಂದೇ ಒಂದೇ ತಪ್ಪು ಉತ್ತರವನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಅಂತಹ ಸಂದರ್ಭಗಳಲ್ಲಿ ಆ ಒಬ್ಬನು ಕೊಟ್ಟ ಉತ್ತರಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಗುಂಪಿನ ತಪ್ಪಿಗೇ ಸೇರಿಕೊಂಡವು. ಉತ್ತರವನ್ನು ಗಟ್ಟಿಯಾಗಿ ಹೇಳದೆ ಕಾಗದದ ಮೇಲೆ ಬರೆಯಲು ಬಿಟ್ಟಾಗ ತಪ್ಪುಗಳು ಬಹಳ ಇಳಿದವು. ನಮ್ಮ ಹಿಂದಿನ ಬೆಂಚಿನ ಕೈಗಳು ಮೇಲೇರಿದ್ದೇಕೆಂದು ಈಗ ನಿಮಗೆ ತಿಳಿದಿರಬೇಕು.

ಐದನೆಯದು, ಬಾರದವರನ್ನು ಮರೆಯುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಸಂಖ್ಯಾಶಾಸ್ತ್ರಜ್ಞರ ತಂಡದಲ್ಲಿ ಅಬ್ರಹಾಂ ವಾಲ್ಡ್ ಎಂಬವರಿದ್ದರು. ಗುಂಡೇಟು ತಿಂದು ಮರಳಿ ಬಂದ ವಿಮಾನಗಳನ್ನು ನೋಡಿ, ವಿಮಾನದ ಯಾವ ಭಾಗ ಹೆಚ್ಚು ಅಪಾಯಕ್ಕೀಡಾಗುವುದೆಂದು ನಿರ್ಣಯಿಸುವ ಕ್ರಮವನ್ನು ಅವರು 1943ರಲ್ಲಿ ಬರೆದ ಟಿಪ್ಪಣಿಗಳಲ್ಲಿ ವಿವರಿಸಿದರು. ಮರಳಿದ ವಿಮಾನಗಳಲ್ಲಿ ತೂತುಗಳು ಎಲ್ಲಿ ಹೆಚ್ಚಾಗಿವೆಯೋ ಆ ಭಾಗವೇ ದುರ್ಬಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅಲ್ಲಿ ಏಟು ತಿಂದೂ ಅವು ಮರಳಿವೆಯಲ್ಲ! ಎಲ್ಲಿ ಏಟು ಬಿದ್ದರೆ ವಿಮಾನ ಮರಳುವುದೇ ಇಲ್ಲವೋ, ಆ ಭಾಗದ ತೂತು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆದಕಾರಣ ಲೆಕ್ಕದಲ್ಲಿ ಬಾರದವುಗಳನ್ನೂ ಹಿಡಿಯಬೇಕು. ಈ ವಾಲ್ಡ್ ಅವರು ಉಪನ್ಯಾಸಗಳಿಗಾಗಿ ನಮ್ಮ ದೇಶಕ್ಕೆ ಬಂದಿದ್ದಾಗ, 1950ರ ಡಿಸೆಂಬರ್ 13ರಂದು, ನೀಲಗಿರಿಯ ಬೆಟ್ಟಗಳಲ್ಲಿ ನಡೆದ ವಿಮಾನಾಪಘಾತದಲ್ಲಿಯೇ ತೀರಿಕೊಂಡರು. ಅವರು ಕಲಿಸಿದ ಪಾಠದಂತೆ ನೋಡಿದರೆ, ಗ್ರಂಥಾಲಯದೊಳಗೆ ಕುಳಿತವರನ್ನು ತೊಂದರೆಯಿದೆಯೇ ಎಂದು ಕೇಳಿದ್ದು ಮರಳಿ ಬಂದ ವಿಮಾನಗಳನ್ನಷ್ಟೇ ನೋಡಿದಂತಾಯಿತು. ತೊಂದರೆಯಿದ್ದವರು ಒಳಗೆ ಬಂದಿರಲೇ ಇಲ್ಲ.

ಅರಿತರೆ ಸಾಲದು, ಕ್ರಮ ಬೇಕು

ಇಷ್ಟನ್ನು ಅರಿತ ಮೇಲೆ ನಮ್ಮ ಪೂರ್ವಗ್ರಹ ಹೋಯಿತೆಂದು ತಿಳಿಯಬೇಡಿರಿ. ಒಂದೇ ಉದ್ದದ ಎರಡು ಗೆರೆಗಳನ್ನು ಎಳೆದು, ಒಂದರ ತುದಿಗಳಿಗೆ ಒಳಮುಖದ ಬಾಣಗಳನ್ನೂ ಇನ್ನೊಂದಕ್ಕೆ ಹೊರಮುಖದ ಬಾಣಗಳನ್ನೂ ಬರೆಯಿರಿ. ಗೆರೆಗಳು ಸಮನಾಗಿ ಕಾಣುವುದಿಲ್ಲ. 1889ರಲ್ಲಿ ಜರ್ಮನಿಯ ಮ್ಯುಲ್ಲರ್-ಲೈಯರ್ ಅವರು ಇದನ್ನು ತೋರಿಸಿದರು. ಅಳೆದು ಸಮವೆಂದು ತಿಳಿದ ಬಳಿಕವೂ ಕಣ್ಣು ಮಾತ್ರ ಹಳೆಯದನ್ನೇ ಹೇಳುತ್ತದೆ. ಕಣ್ಣನ್ನು ಬೈದು ಫಲವಿಲ್ಲ, ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳಬೇಕು. ಬುದ್ಧಿಯ ವಿಷಯವೂ ಹೀಗೆಯೇ. "ನಾವು ನಿಷ್ಪಕ್ಷಪಾತಿಗಳಾಗಿರುತ್ತೇವೆ" ಎಂಬ ಸಂಕಲ್ಪ ಒಳ್ಳೆಯದು, ಆದರೆ ಅದೊಂದೇ ಸಾಲದು. ನಾವು ತಪ್ಪಿದರೆ ತಾನಾಗಿ ಸಿಕ್ಕಿಬೀಳುವಂತೆ ವಿಚಾರಣೆಯ ಕ್ರಮವನ್ನೇ ಕಟ್ಟಬೇಕು. ನಮ್ಮ ಎರಡನೆಯ ವಿಚಾರಣೆಯಲ್ಲಿ ಅನುಸರಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇವೆ.

ಮೊದಲಿಗೆ ನಮ್ಮ ಊಹೆಯನ್ನು ಒಂದು ಹಾಳೆಯಲ್ಲಿ ಬರೆದೆವು. ಅದರ ಕೆಳಗೆ, "ಏನು ಕಂಡುಬಂದರೆ ಈ ಊಹೆ ತಪ್ಪೆಂದು ಒಪ್ಪುತ್ತೇವೆ?" ಎಂಬುದನ್ನೂ ಬರೆದೆವು. ಹಾಳೆಯನ್ನು ಮಡಿಸಿ ಮೇಜಿನ ಖಾನೆಯಲ್ಲಿಟ್ಟೆವು. ಹೀಗೆ ಬರೆದಿಡದಿದ್ದರೆ ಕೊನೆಯಲ್ಲಿ "ನಾವು ಮೊದಲೇ ಹೀಗೆ ಹೇಳಿದ್ದೆವು" ಎನ್ನುವ ಚಪಲ ಯಾರಿಗೂ ತಪ್ಪಿದ್ದಲ್ಲ.

ಎರಡನೆಯದಾಗಿ, ಅಭಿಪ್ರಾಯವನ್ನು ಕೇಳುವುದನ್ನು ಬಿಟ್ಟು, ನಡೆದುದನ್ನು ಕೇಳಿದೆವು. "ಓದುವುದು ಇಷ್ಟವೆ?" ಎಂದರೆ ಒಳ್ಳೆಯ ಮಕ್ಕಳೆಲ್ಲರೂ ಹೌದೆನ್ನುತ್ತಾರೆ. "ಪಾಠದ ಪುಸ್ತಕವಲ್ಲದ ಪುಸ್ತಕವನ್ನು ನೀನು ಕೊನೆಯ ಸಲ ಹಿಡಿದದ್ದು ಯಾವಾಗ? ಅಂದು ಏನಾಯಿತು? ಆಮೇಲೆ?" ಎಂದು ಕೇಳಿದರೆ ಕಥೆ ಬರುತ್ತದೆ, ಕಥೆಯಲ್ಲಿ ಕಾರಣಗಳು ಇರುತ್ತವೆ. ಕೇಳಿ ಸುಮ್ಮನಿರುವುದನ್ನೂ ಅಭ್ಯಾಸ ಮಾಡಿದೆವು. ಮಕ್ಕಳು ಮಾತು ನಿಲ್ಲಿಸಿದಾಗ ನಾವು ಬಾಯಿ ಹಾಕದಿದ್ದರೆ ಮುಖ್ಯವಾದ ಮಾತು ಆಗಲೇ ಹೊರಬರುತ್ತಿದ್ದಿತು.

ಮೂರನೆಯದಾಗಿ, ಒಬ್ಬೊಬ್ಬರನ್ನೇ ಕೇಳಿದೆವು. ಕೇಳಿದವರು ನಾವಲ್ಲ, ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು. ಅವರಿಗೆ ನಮ್ಮ ಊಹೆಯನ್ನು ಮತ್ತೆ ಹೇಳಿಕೊಡದೆ, ಪ್ರಶ್ನೆಗಳನ್ನು ಬರೆದದ್ದು ಬರೆದಂತೆಯೇ ಓದಲು ಹೇಳಿದೆವು.

ನಾಲ್ಕನೆಯದಾಗಿ, ಕಿವಿಯ ಜೊತೆಗೆ ಕಣ್ಣನ್ನೂ ಬಳಸಿದೆವು. ಒಂದು ವಾರ ಗ್ರಂಥಾಲಯದ ಮೂಲೆಯಲ್ಲಿ ನಮ್ಮ ಕೆಲಸ ಮಾಡುತ್ತಿರುವಂತೆ ಕುಳಿತು ನೋಡಿದೆವು. ಕಪಾಟಿನ ಕೀಲಿ ದೊಡ್ಡ ಬಿಡುವಿನಲ್ಲಿ ಮಾತ್ರ ತೆರೆಯುತ್ತಿದ್ದಿತು. ಅದೇ ಹೊತ್ತಿಗೆ ಮಧ್ಯಾಹ್ನದ ಊಟದ ಸಾಲು. ಊಟ ಮುಗಿಸಿ ಓಡಿಬಂದವರಿಗೆ ಐದು ನಿಮಿಷ ಸಿಕ್ಕಿದರೆ ಹೆಚ್ಚು. ಮೆಟ್ಟಿಲ ಬಳಿ ನಮ್ಮನ್ನು ಕೇಳಿದ ಆ ಹುಡುಗಿ ದಿನಾಲೂ ಬಂದು, ಕಪಾಟಿನ ಪಕ್ಕದಲ್ಲಿ ನಿಂತುಕೊಂಡೇ ಒಂದೇ ಪುಸ್ತಕದ ಎರಡು ಮೂರು ಪುಟಗಳನ್ನು ಓದಿ, ಹಳೆಯ ಬಸ್ ಟಿಕೆಟನ್ನು ಗುರುತಿಗಿಟ್ಟು ಹೋಗುತ್ತಿದ್ದಳು. ಮನೆಗೆ ಒಯ್ಯದ ಕಾರಣ ಅವಳ ಹೆಸರು ರಿಜಿಸ್ಟರಿನಲ್ಲಿ ಒಮ್ಮೆಯೂ ಬಂದಿರಲಿಲ್ಲ. ನಾವು ನಂಬಿದ್ದ ರಿಜಿಸ್ಟರು ಅವಳನ್ನು ಓದದವರ ಲೆಕ್ಕಕ್ಕೆ ಸೇರಿಸಿದ್ದಿತು.

ಐದನೆಯದಾಗಿ, ಬಾರದವರನ್ನು ಹುಡುಕಿದೆವು. ಒಂದೆರಡು ಸಲ ಪುಸ್ತಕ ಒಯ್ದು ಮತ್ತೆ ಬಾರದವರ ಹೆಸರುಗಳನ್ನು ರಿಜಿಸ್ಟರಿನಿಂದ ತೆಗೆದು ಅವರನ್ನು ಕೇಳಿಸಿದೆವು. ಮಳೆಗಾಲದಲ್ಲಿ ಸೋರುವ ಮನೆಯಲ್ಲಿ ಪುಸ್ತಕ ನೆನೆದುಹೋಗಿ, ದಂಡದ ಮಾತನ್ನು ತಂದೆಗೆ ಹೇಳಲಂಜಿ, ಗ್ರಂಥಾಲಯದ ಬಾಗಿಲನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದವನೊಬ್ಬ ಸಿಕ್ಕಿದ. ಮೊಬೈಲಿನ ಪ್ರಶ್ನೆಗೆ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ ಹುಡುಗನ ಮನೆಯಲ್ಲಿದ್ದುದು ಒಂದೇ ಮೊಬೈಲ್. ಅದು ಬೆಳಿಗ್ಗೆ ತಂದೆಯ ಕಿಸೆಯಲ್ಲಿ ಹೋಗಿ ರಾತ್ರಿ ಅವರೊಡನೆ ಮರಳುತ್ತಿದ್ದಿತು! ಹಾಗಾದರೆ ಅಂದು ಕೈ ಎತ್ತಿದ್ದೇಕೆಂದು ಕೇಳಿದ್ದಕ್ಕೆ, "ಎಲ್ಲರೂ ಎತ್ತಿದರು" ಎಂದನಂತೆ.

ಆರನೆಯದಾಗಿ, ನಮಗೆ ವಿರೋಧವಾದ ಸಂಗತಿಗಳಿಗೆ ನೋಟುಪುಸ್ತಕದಲ್ಲಿ ಬೇರೆ ಪುಟವನ್ನಿಟ್ಟೆವು. ಈ ಉಪಾಯ ಚಾರ್ಲ್ಸ್ ಡಾರ್ವಿನ್ ಅವರದು. ತಮ್ಮ ಸಿದ್ಧಾಂತಕ್ಕೆ ವಿರುದ್ಧವಾದ ಯಾವ ಸಂಗತಿ ಕಂಡರೂ ಅದನ್ನು ತಡಮಾಡದೆ ಬರೆದಿಡುತ್ತಿದ್ದರೆಂದೂ, ಅನುಕೂಲವಾದವುಗಳಿಗಿಂತ ಪ್ರತಿಕೂಲವಾದವುಗಳೇ ಬೇಗ ಮರೆತುಹೋಗುವುದನ್ನು ಅನುಭವದಿಂದ ಕಂಡಿದ್ದರೆಂದೂ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಈ ಪುಟವು ನಮ್ಮ ಹೊಸ ಊಹೆಗೂ ಲಗಾಮು ಹಾಕಿತು. ಕೀಲಿಯೇ ಎಲ್ಲಕ್ಕೂ ಕಾರಣವೆಂದು ನಾವು ಇನ್ನೊಂದು ತುದಿಗೆ ಹಾರುವುದರಲ್ಲಿದ್ದೆವ; ಆದರೆ ಮೊಬೈಲಿನಿಂದಲೇ ಓದು ಬಿಟ್ಟವರೂ ಕೆಲವರು ನಿಜವಾಗಿ ಇದ್ದರು. ಹಳೆಯ ಪೂರ್ವಗ್ರಹವನ್ನು ಬಿಟ್ಟು ಹೊಸದನ್ನು ಹಿಡಿದರೆ ಲಾಭವೇನು?

ಏಳನೆಯದಾಗಿ, ಒಂದೇ ಕೆಲಸವನ್ನು ಎರಡು ತಂಡಗಳಿಗೆ ಒಪ್ಪಿಸಿದೆವು. ಇದನ್ನು ಕಲಿಸಿದವರು ನಮ್ಮ ದೇಶದ ಪ್ರಶಾಂತಚಂದ್ರ ಮಹಲನೋಬಿಸ್ ಅವರು. 1931ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಅವರು, ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡುವ ಕೆಲಸದಲ್ಲಿ ಒಂದು ಜಾಣತನದ ವ್ಯವಸ್ಥೆಯನ್ನು ಮಾಡಿದರು. ಒಂದೇ ಪ್ರದೇಶದ ಮಾದರಿಯನ್ನು ಒಂದರೊಳಗೊಂದು ಹೆಣೆದ ಭಾಗಗಳಾಗಿ ವಿಂಗಡಿಸಿ, ಬೇರೆ ಬೇರೆ ತಂಡಗಳಿಂದ ಸ್ವತಂತ್ರವಾಗಿ ಎಣಿಸಿದರು. ಎರಡೂ ತಂಡಗಳ ಉತ್ತರ ಹತ್ತಿರವಿದ್ದರೆ ಸರಿ. ದೂರವಿದ್ದರೆ ಎಣಿಸಿದವರಲ್ಲಿ ಎಲ್ಲಿಯೋ ವಾಲು ಇದೆಯೆಂದು ಸಂಶಯಪಡಬೇಕು. 2007ರಿಂದ ಅವರ ಜನ್ಮದಿನವಾದ ಜೂನ್ 29ನ್ನು ಭಾರತದಲ್ಲಿ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲಾಗುತ್ತಿದೆ. ನಮ್ಮ ಎರಡು ತಂಡಗಳೂ ಮಕ್ಕಳನ್ನು ಹಂಚಿಕೊಂಡು ಬೇರೆ ಬೇರೆಯಾಗಿ ಕೇಳಿ, ಒಬ್ಬರದನ್ನು ಒಬ್ಬರು ನೋಡದೆ ಬರೆದವು. ಕೀಲಿಯ ವಿಷಯದಲ್ಲಿಯೂ ದಂಡದ ವಿಷಯದಲ್ಲಿಯೂ ಎರಡೂ ಒಂದೇ ಮಾತು ಹೇಳಿದವು.

ಮುಕ್ತಾಯ

ಎರಡನೆಯ ವಿಚಾರಣೆಗೆ ಮೂರು ವಾರಗಳು ಹಿಡಿದವು. ಖಾನೆಯಲ್ಲಿದ್ದ ಹಾಳೆಯನ್ನು ತೆಗೆದು ಮಕ್ಕಳ ಮುಂದೆಯೇ ಓದಿದೆವು. ನಮ್ಮ ಊಹೆಯಲ್ಲಿ ಸ್ವಲ್ಪ ಸತ್ಯವಿದ್ದಿತು, ಬಹಳ ಸುಳ್ಳಿದ್ದಿತು ಎಂದು ಒಪ್ಪಿಕೊಂಡೆವು. ಹಾಗೆ ಒಪ್ಪಿಕೊಳ್ಳುವಾಗ ನಾಚಿಕೆಯಾಯಿತೆಂದು ಮುಚ್ಚಿಡದೆ ಹೇಳುತ್ತೇವೆ. ಹೊಸ ವರದಿಯನ್ನು ಓದಿದ ಮಂಡಳಿಯವರು ವಾರಕ್ಕೆರಡು ದಿನ ಕೊನೆಯ ಅವಧಿಯಲ್ಲಿ ಕಪಾಟುಗಳನ್ನು ತೆರೆಯಲು ಒಪ್ಪಿದರು. ಮಳೆಯಲ್ಲಿ ನೆನೆದ ಪುಸ್ತಕಕ್ಕೆ ದಂಡ ಬೇಡವೆಂದರು. ಕಂಪ್ಯೂಟರುಗಳು ಅದೇ ಕೋಣೆಗೆ ಬಂದವು. ಕಪಾಟುಗಳು ಗೋಡೆಗೆ ಸರಿದು ನಿಂತವು, ಹೊರಗೆ ಹೋಗಲಿಲ್ಲ. ನಾವು ಆ ಶಾಲೆಯನ್ನು ಬಿಡುವಾಗ ರಿಜಿಸ್ಟರಿನಲ್ಲಿ ಆ ಹುಡುಗಿಯ ಹೆಸರೂ ಇದ್ದಿತು.

ಒಂದು ಮಾತನ್ನು ಮರೆಯಬೇಡಿರಿ. ನಮ್ಮ ಮೊದಲ ವರದಿಯಲ್ಲಿ ಸುಳ್ಳೆಂಬುದೇ ಇರಲಿಲ್ಲ. ಎತ್ತಿದ ಕೈಗಳನ್ನು ಎಣಿಸಿದ್ದೆವು, ಹೇಳಿದ ಉತ್ತರಗಳನ್ನು ಬರೆದಿದ್ದೆವು. ಆದರೂ ಅದು ಮೂರು ಕಪಾಟುಗಳನ್ನು ಕೊಂಡೊಯ್ಯುವುದರಲ್ಲಿದ್ದಿತು. ಅಪ್ರಾಮಾಣಿಕರು ಮಾಡುವ ಹಾನಿಯನ್ನು ಜನ ಬೇಗ ಗುರುತಿಸುತ್ತಾರೆ. ಪ್ರಾಮಾಣಿಕರು ಪೂರ್ವಗ್ರಹದಿಂದ ಮಾಡುವ ಹಾನಿಗೆ ವರದಿಯ ಗೌರವವೂ ಅಂಕಿಗಳ ಬಲವೂ ಇರುತ್ತವೆ. ಆದುದರಿಂದ ಅದನ್ನು ತಡೆಯುವುದು ಹೆಚ್ಚು ಕಷ್ಟ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ನಾಳೆ ನೀವು ಯಾವ ಕೆಲಸದಲ್ಲಿದ್ದರೂ, ಜನರನ್ನು ಕೇಳಲು ಹೊರಟಾಗ, ಉತ್ತರವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಬೇಡಿರಿ. ಕಟ್ಟಿಕೊಂಡು ಹೋದದ್ದು ತಿಳಿದರೆ, ನಡುದಾರಿಯಲ್ಲಿಯಾದರೂ ಇಳಿಸಿರಿ. ಮೆಟ್ಟಿಲ ಬಳಿ ಯಾರಾದರೂ ನಿಲ್ಲಿಸಿ ಮಾತನಾಡಿಸಿದರೆ ನಿಂತು ಕೇಳಿರಿ.

ಅಭ್ಯಾಸ

1. ವೇಸನ್ ಅವರ 2, 4, 6ರ ಪ್ರಯೋಗವನ್ನು ಮನೆಯವರಲ್ಲಿ ಮೂವರಿಗೆ ಮಾಡಿ ನೋಡಿರಿ. ಅವರು ಕೇಳಿದ ಸಂಖ್ಯೆಗಳಲ್ಲಿ ತಮ್ಮ ಊಹೆಯನ್ನು ಮುರಿಯಲು ಕೇಳಿದವು ಎಷ್ಟೆಂದು ಬರೆಯಿರಿ.

2. "ನಮ್ಮ ಶಾಲೆಯ ಕ್ರೀಡಾದಿನ ಚೆನ್ನಾಗಿ ನಡೆಯಿತಲ್ಲವೆ?" ಈ ಪ್ರಶ್ನೆಯಲ್ಲಿರುವ ದೋಷವನ್ನು ಹೇಳಿ, ಅದನ್ನು ಎರಡು ರೀತಿಯಲ್ಲಿ ತಿದ್ದಿರಿ.

3. ನಿಮ್ಮ ಮನೆಯ ಹತ್ತಿರದ ಬಸ್ ನಿಲ್ದಾಣದಲ್ಲಿ ಬಸ್ಸಿನ ಸೌಕರ್ಯದ ಬಗೆಗೆ ವಿಚಾರಿಸಬೇಕಾಗಿದೆ. ಅಲ್ಲಿ ನಿಂತವರನ್ನಷ್ಟೇ ಕೇಳಿದರೆ ಯಾರು ಬಿಟ್ಟುಹೋಗುತ್ತಾರೆ? ಅವರನ್ನು ಎಲ್ಲಿ ಹುಡುಕುವಿರಿ?

4. ನೀವು ದೃಢವಾಗಿ ನಂಬಿರುವ ಒಂದು ಅಭಿಪ್ರಾಯವನ್ನು ಬರೆಯಿರಿ. ಏನು ಕಂಡುಬಂದರೆ ಅದನ್ನು ಬಿಟ್ಟುಕೊಡುವಿರಿ ಎಂಬುದನ್ನು ಅದರ ಕೆಳಗೆ ಬರೆಯಿರಿ. ಈ ಉತ್ತರವನ್ನು ನಮಗೆ ತೋರಿಸಬೇಕಾಗಿಲ್ಲ.